ಸವೆದ ಹಲ್ಲು, ಹಲ್ಕಾ ಗೇರು

ಒಂಟಿಯಾಗಿರುವವನು ದಿನಕ್ಕೆ ಆಡುವುದೇ ನಾಲ್ಕು ಮಾತು. ನನ್ನ ಪಾಲಿಗೆ ಆ ನಾಲ್ಕರಲ್ಲಿ ಮೂರು ಎಡವಟ್ಟಾಗುತ್ತವೆ. ಗದಗದಿಂದ ಪುಣೆಗೆ ವರ್ಗವಾಗಿ ಎರಡು ವರ್ಷವಾಯಿತು. ಹೆಂಡತಿ ಗದಗದಲ್ಲಿಯೇ ಶಾಲೆಯಲ್ಲಿ ಟೀಚರು. ‘ಒಮ್ಮೆ ಬಂದು ಹೋಗು’ ಎಂದಾಗಲೆಲ್ಲ ಪರೀಕ್ಷೆಯೋ ಗಣತಿಯೋ ಚುನಾವಣೆಯೋ ಅಡ್ಡ ಬರುತ್ತಿತ್ತು. ಒಮ್ಮೆಯೂ ಬಂದಿರಲಿಲ್ಲ. ಮಗರಪಟ್ಟಾದಲ್ಲಿ ಆಫೀಸು, ಕಾತ್ರಜದಲ್ಲಿ ಒಂದು ಕೋಣೆ. ಭಾನುವಾರ ಬಂತೆಂದರೆ ಗೋಡೆ ನೋಡುವುದೇ ಕೆಲಸ. ಮೊದಲ ವರ್ಷಕ್ಕೇ ಬೇಸತ್ತು, ಐವತ್ತೆರಡನೆಯ ವಯಸ್ಸಿನಲ್ಲಿ ಗುಡ್ಡ ಹತ್ತುವ ಗೇರಿನ ಸೈಕಲ್ಲು ಕೊಂಡೆ.

೧. ಹಲ್ಕಾ

ಮೊದಲ ಭಾನುವಾರ ಕಾತ್ರಜ ಘಾಟು ಹತ್ತುತ್ತಿದ್ದೆ. ಗೇರು ಬದಲಿಸಲು ಬರುತ್ತಿರಲಿಲ್ಲ. ಅಂಗಡಿಯವನು ಯಾವುದರಲ್ಲಿ ಇಟ್ಟು ಕೊಟ್ಟಿದ್ದನೋ ಅದರಲ್ಲೇ ತುಳಿಯುತ್ತಿದ್ದೆ. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನಿಂದ ಸೈಕಲ್ಲಿನಲ್ಲಿ ಬಂದ ತರುಣನೊಬ್ಬ “ಕಾಕಾ, ಹಲ್ಕಾ! ಹಲ್ಕಾ!” ಎಂದು ಕೂಗಿದ.

ನಮ್ಮ ಕಡೆ ಹಲ್ಕಾ ಎಂದರೆ ನೀಚ. ಇಳಿದು ನಿಂತವನೇ, “ಯಾರಿಗೆ ಹಲ್ಕಾ ಅಂತೀಯೋ? ನಾ ನಿನಗೇನ ಮಾಡೇನಿ?” ಎಂದು ಕನ್ನಡದಲ್ಲೇ ಜಾಡಿಸಿದೆ. ಅವನು ಪಾಪ, ನನ್ನ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ, ಹ್ಯಾಂಡಲ್ಲಿನ ಗುಂಡಿ ಒತ್ತಿ, ಪೆಡಲು ತಿರುಗಿಸಿ ಕೊಟ್ಟು ಹೋದ. ಹತ್ತಿ ತುಳಿದರೆ ಸರಾಗ! ಮರಾಠಿಯಲ್ಲಿ ಹಲ್ಕಾ ಎಂದರೆ ಹಗುರ ಎಂದು ಸೋಮವಾರ ಆಫೀಸಿನಲ್ಲಿ ತಿಳಿಯಿತು.

ಆ ವಾರ ಇಡೀ ಪುಣೆಯಲ್ಲಿ ನನ್ನನ್ನು ತಾನಾಗಿ ಮಾತಾಡಿಸಿದವನು ಅವನೊಬ್ಬನೇ. ಅವನೊಂದಿಗೇ ಜಗಳ ತೆಗೆದಿದ್ದೆ.

೨. ಎಂಬತ್ತು

“ಪೆಡಲು ನಿಮಿಷಕ್ಕೆ ಎಂಬತ್ತು ಸುತ್ತು ತಿರುಗಬೇಕು, ಇಲ್ಲದಿದ್ದರೆ ಮೊಣಕಾಲು ಹೋಗುತ್ತವೆ” ಎಂದು ಸೈಕಲ್ ಅಂಗಡಿಯ ಮೆಕ್ಯಾನಿಕ್ ಹೆದರಿಸಿದ. ಅಂದಿನಿಂದ ಬಾಯಿಬಿಟ್ಟು ಎಣಿಸುತ್ತ ತುಳಿಯತೊಡಗಿದೆ. ಘಾಟಿನ ಚಹಾದಂಗಡಿಯ ಅಜ್ಜಿ ಒಂದು ದಿನ ಕೈಮುಗಿದು ತಡೆದಳು. “ಮಹಾರಾಜ್, ಕುಠಲಾ ಮಂತ್ರ?”

ಯಾವ ಮಂತ್ರವೆಂದು ಕೇಳುತ್ತಿದ್ದಳು. ನನ್ನ “ಎಪ್ಪತ್ತೆಂಟ, ಎಪ್ಪತ್ತೊಂಬತ್ತ” ಆಕೆಗೆ ಮಂತ್ರವಾಗಿ ಕೇಳಿಸಿತ್ತು! ಅಲ್ಲ ಎನ್ನುವಷ್ಟರಲ್ಲಿ ಕೈಗೆ ಚಹಾ ಕೊಟ್ಟಿದ್ದಳು, ಪುಕ್ಕಟೆ. ಮುಂದಿನ ವಾರದಿಂದ ಆ ಅಂಗಡಿ ಬಂದಾಗ ಇನ್ನೂ ಜೋರಾಗಿ ಎಣಿಸತೊಡಗಿದೆ. ಚಹಾದ ಆಸೆಗಲ್ಲ. ನನ್ನ ಕನ್ನಡವನ್ನು ಯಾರೋ ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದರಲ್ಲ! ಅರ್ಥವಾಗಿದ್ದರೆ ಆಕೆಯೂ ಕೇಳುತ್ತಿರಲಿಲ್ಲ.

೩. ಹೊಸ ಸೆಟ್ಟು

ವರ್ಷ ತುಂಬುವಷ್ಟರಲ್ಲಿ ಚೈನು ಜಾರತೊಡಗಿತು. ಮೆಕ್ಯಾನಿಕ್ ನೋಡಿ, “ಚೈನು ಒಂದೇ ಬದಲಿಸಿದರೆ ಆಗದು. ಹಿಂದಿನ ಹಲ್ಲುಚಕ್ರಗಳೂ ಸವೆದಿವೆ, ಹೊಸ ಚೈನು ಹಳೆಯ ಹಲ್ಲಿಗೆ ಹೊಂದುವುದಿಲ್ಲ. ಒಂಬತ್ತು ಸಾವಿರ” ಎಂದ. ಈ ಸಂಕಟ ಹೇಳಿಕೊಳ್ಳಲು ನನಗಿದ್ದದ್ದು ಹೆಂಡತಿಯೊಬ್ಬಳೇ. ಶಾಲೆಯ ಹೊತ್ತೆಂಬುದನ್ನೂ ಮರೆತು ಫೋನ್ ಹಚ್ಚಿದೆ.

“ಹಲ್ಲು ಪೂರಾ ಸವದಾವ” ಎಂದೆ.

“ಅಯ್ಯ! ಎಷ್ಟ್ರೀ?”

“ಎಲ್ಲಾ. ಜೋರ ಹಾಕಿದ್ರ ಜಾರತಾವ. ಕಿತ್ತಿ ಹೊಸಾ ಸೆಟ್ಟ ಹಾಕಬೇಕಂತ.”

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು, ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೆಂಡತಿ! ಕಾತ್ರಜದಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಬಂದಿದ್ದಳು. ಚೀಲದಲ್ಲಿ ಗಂಜಿಗೆಂದು ರವೆ, ಹೆಸರುಬೇಳೆ, ಹಲ್ಲುನೋವಿಗೆಂದು ಲವಂಗದ ಎಣ್ಣೆ. ಚಪ್ಪಲಿ ಬಿಡುವ ಮೊದಲೇ “ಬಾಯಿ ತಗೀರಿ” ಎಂದಳು. ತೆಗೆದೆ. ಮೊಬೈಲಿನ ಬೆಳಕು ಬಿಟ್ಟು ಇಣುಕಿದಳು.

“ಎಲ್ಲಾ ಗಟ್ಟಿ ಅದಾವಲ್ರೀ!”

ನಾನು ಗೋಡೆಗೆ ಒರಗಿದ್ದ ಸೈಕಲ್ಲನ್ನು ತೋರಿಸಿದೆ. ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ನಾಕ ದಿನ ರಜಾ ಹಾಕಿ ಬಂದೀನ್ರಿ. ರದ್ದ ಮಾಡಿಸಿ ಸಂಜಿ ಬಸ್ಸಿಗೆ ಹೋಗ್ತೀನಿ.”

ಎರಡು ವರ್ಷಕ್ಕೆ ಬಂದವಳು, ಬಂದ ದಿನವೇ ಹೋಗುವುದೆಂದರೆ? ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

“ದವಡಿ ಹಲ್ಲೊಂದು ಜುಮ್ ಅಂತದ ನೋಡ.”

“ಯಾವ ಕಡೀರಿ? ಎಡಕ್ಕೋ, ಬಲಕ್ಕೋ?”

“ಎರಡೂ ಕಡಿ.”

ಲವಂಗದ ಎಣ್ಣೆಯನ್ನು ಚೀಲದಲ್ಲೇ ಬಿಟ್ಟಳು. ಆಮೇಲೆ ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿದಳು.

“ಸರ್, ನೋವು ಎರಡೂ ಕಡಿ ಅದ ಅಂತಾರ್ರಿ. ನಾಕ ದಿನ ಸಾಲೂದಿಲ್ರಿ.”