ಅರ್ಧ ಸಿಲಿಂಡರಿನ ತೂಕ

ನಾಳೆಯಿಂದ ಗ್ಯಾಸಿನ ಬೆಲೆ ಏರುತ್ತದೆಂಬ ಸುದ್ದಿ ಸುಬ್ಬಕೃಷ್ಣನಿಗೆ ತಲುಪಿದ್ದು ಕಾಂಪೌಂಡ್ ಗೋಡೆಯ ಮೇಲಿನಿಂದ. ಪಕ್ಕದ ಮನೆಯ ವೆಂಕಟೇಶಯ್ಯನವರು ಹಲ್ಲುಜ್ಜುವ ಹೊತ್ತಿನಲ್ಲಿ ಊರಿನ ಸುದ್ದಿಯನ್ನೆಲ್ಲ ಆ ಗೋಡೆಯ ಮೇಲಿಟ್ಟು ಹೋಗುತ್ತಿದ್ದರು. ಅಂದೂ ಬಾಯಿತುಂಬ ನೊರೆ ಇಟ್ಟುಕೊಂಡೇ, ಏಜೆನ್ಸಿಗೆ ಲೋಡ್ ಬಂದಿದೆ, ಇವತ್ತು ಸಿಲಿಂಡರ್ ಬದಲಾಯಿಸಿದವರಿಗೆ ಹಳೇ ರೇಟು, ನಾಳೆ ಬದಲಾಯಿಸುವವರು ಕೆಟ್ಟರು ಎಂದು ಹೇಳಿ ಉಗುಳಿದರು.

ತುಮಕೂರಿನ ಸದಾಶಿವನಗರಕ್ಕೆ ಗ್ಯಾಸ್ ಬಂದು ಇನ್ನೂ ಹೆಚ್ಚು ವರ್ಷವಾಗಿರದ ಕಾಲ ಅದು. ಮನೆಗೊಂದೇ ಸಿಲಿಂಡರ್. ಗ್ಯಾಸ್ ಇದ್ದವರಿಗೆ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ. ಹಾಗಾಗಿ ಸಿಲಿಂಡರ್ ಖಾಲಿಯಾದ ಮನೆಯಲ್ಲಿ ಮುಂದಿನ ಲೋಡ್ ಬರುವತನಕ ಸೂತಕದ ಕಳೆ.

ಬೇರೆಯವರಾಗಿದ್ದರೆ ಓಡಿಹೋಗಿ ಬದಲಾಯಿಸಿಕೊಂಡು ಬರುತ್ತಿದ್ದರು. ಸುಬ್ಬಕೃಷ್ಣ ಲೆಕ್ಕಪತ್ರ ವಿಭಾಗದ ಗುಮಾಸ್ತ. ಅವನಿಗೆ ಎದ್ದ ಪ್ರಶ್ನೆಯೇ ಬೇರೆ. ಒಳಗೆ ಗ್ಯಾಸ್ ಎಷ್ಟು ಉಳಿದಿದೆ? ಸ್ವಲ್ಪವೇ ಉಳಿದಿದ್ದರೆ ಇಂದೇ ಬದಲಾಯಿಸುವುದು ಲಾಭ. ಬಹಳ ಉಳಿದಿದ್ದರೆ, ಏರುವ ನಾಲ್ಕು ಕಾಸು ಉಳಿಸಲು ಹೋಗಿ ಅದರ ಹತ್ತು ಪಟ್ಟು ಗ್ಯಾಸನ್ನು ಕಂಪನಿಗೆ ದಾನ ಮಾಡಿದಂತೆ. ತಿಳಿಯದೆ ಹೆಜ್ಜೆ ಇಡಬಾರದೆಂದು ಅವನು ತೀರ್ಮಾನಿಸಿದ.

ಇನ್ನೊಂದು ಭಯವೂ ಇತ್ತು. ನಾಳೆ ಬೆಳಗಿನ ಬಸ್ಸಿಗೆ ಅಮೃತೂರಿನಿಂದ ಅವನ ಮಾವನವರು, ಅತ್ತೆ ಬರುವವರಿದ್ದರು. ಹೋದ ಸಲ ಅವರು ಬಂದಾಗ ಒಬ್ಬಟ್ಟಿಗೆ ಬೇಳೆ ಬೇಯುತ್ತಿರುವಾಗಲೇ ಗ್ಯಾಸ್ ಮುಗಿದು, ಹಬ್ಬದ ದಿನ ಅವರಿಗೆ ಹೋಟೆಲಿನ ಇಡ್ಲಿ ತಿನ್ನಿಸಬೇಕಾಗಿತ್ತು. ಈ ಸಲವೂ ಹಾಗಾದರೆ ತಾನು ಅಪ್ಪನ ಜೊತೆಯಲ್ಲೇ ಬಸ್ಸು ಹತ್ತುತ್ತೇನೆಂದು ಹೆಂಡತಿ ಕೌಸಲ್ಯ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಸಿಲಿಂಡರ್ ಪರೀಕ್ಷೆಗೆ ಕರೆಯದೆಯೇ ಜನ ಬಂದರು. ವೆಂಕಟೇಶಯ್ಯನವರ ಹೆಂಡತಿ ಅಲಮೇಲಮ್ಮ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಜ್ವರದ ಮಗುವಿನ ಹಣೆ ಮುಟ್ಟುವಂತೆ ಮುಟ್ಟಿ ನೋಡಿ, ಕಾಲುಭಾಗ ಇರಬಹುದು ಎಂದರು. ವೆಂಕಟೇಶಯ್ಯ ಉರಿಯ ಬಣ್ಣ ನೋಡಿ ಮುಕ್ಕಾಲು ಭಾಗ ಎಂದರು. ಎದುರು ಮನೆಯ ಸೀತಾರಾಮಯ್ಯನವರಿಗೆ ತೆಂಗಿನ ತೋಟವಿತ್ತು. ಅವರು ಸಿಲಿಂಡರಿಗೆ ಕಿವಿಯಿಟ್ಟು ಅಲ್ಲಾಡಿಸಿ, ಇನ್ನು ನೀರಿಲ್ಲ, ಪೂರ್ತಿ ಕೊಬ್ಬರಿ ಆಗಿದೆ ಎಂದು ತೀರ್ಪು ಕೊಟ್ಟರು.

ಕೊನೆಗೆ ಸುಬ್ಬಕೃಷ್ಣನಿಗೇ ಹೊಳೆಯಿತು. ಖಾಲಿ ಸಿಲಿಂಡರಿನ ತೂಕವನ್ನು ಅದರ ಕತ್ತಿನ ಹತ್ತಿರ ಅಚ್ಚೊತ್ತಿರುತ್ತಾರೆ. ಈಗಿನ ತೂಕದಲ್ಲಿ ಅದನ್ನು ಕಳೆದರೆ ಮುಗಿಯಿತು. ಅವನು ಒಲೆ ಆರಿಸಿ, ಸಿಲಿಂಡರನ್ನು ಬಿಚ್ಚತೊಡಗಿದ.

"ಬೇಳೆ ಅರ್ಧ ಬೆಂದಿದೆ ಕಣ್ರೀ," ಎಂದಳು ಕೌಸಲ್ಯ.

"ಸೌದೆ ಡಿಪೋಗೆ ಹೋಗಿ ತೂಕ ಹಾಕಿಸ್ಕೊಂಡು ಬಂದ್ಬಿಡ್ತೀನಿ. ನೀನು ಹುಣಸೆಹಣ್ಣು ನೆನೆಸೋ ಅಷ್ಟ್ರಲ್ಲಿ ಬಂದಿರ್ತೀನಿ."

"ನಾಳೆ ಅಪ್ಪ ಬರ್ತಾರೆ. ಅಷ್ಟು ನೆನಪಿರಲಿ."

ಕ್ಯಾರಿಯರಿಗೆ ಸಿಲಿಂಡರ್ ಕಟ್ಟಿದ ಮೇಲೆ ಸೈಕಲ್ಲು ಮೂಗುದಾರ ಹಾಕದ ಹೋರಿಯಂತೆ ಮುಂದಿನ ಕಾಲು ಎತ್ತತೊಡಗಿತು. ಅದನ್ನು ತಳ್ಳಿಕೊಂಡೇ ಅವನು ಬಿ.ಎಚ್. ರಸ್ತೆಯ ಡಿಪೋ ಸೇರಿದ. ಡಿಪೋ ಮಾಲೀಕ ಮಹಾಲಿಂಗಯ್ಯ ತಿಂಡಿಗೆ ಹೋಗಿದ್ದ. ಸುಬ್ಬಕೃಷ್ಣ ಸಿಲಿಂಡರನ್ನು ಬಾಗಿಲ ಪಕ್ಕ ಇಳಿಸಿ, ಅವನನ್ನು ಹುಡುಕಿಕೊಂಡು ಹೋಟೆಲಿನತ್ತ ನಡೆದ.

ಅವನು ಮಾಡಿದ ತಪ್ಪು ಅದೊಂದೇ. ಆ ಕಾಲದಲ್ಲಿ ಕ್ಯೂನಲ್ಲಿ ಮನುಷ್ಯರೇ ನಿಲ್ಲಬೇಕೆಂದಿರಲಿಲ್ಲ. ಸೀಮೆಎಣ್ಣೆಗೆ ಡಬ್ಬ, ಸಕ್ಕರೆಗೆ ಚೀಲ ನಿಂತರೆ ಸಾಕು, ಯಜಮಾನ ನಿಂತಂತೆಯೇ. ಮುಚ್ಚಿದ ಬಾಗಿಲ ಮುಂದೆ ಒಂಟಿ ಸಿಲಿಂಡರ್ ಕಂಡವರು ಯಾರೂ ಕಾರಣ ಕೇಳಲಿಲ್ಲ. ಬೆಲೆ ಏರುವ ಸುದ್ದಿ ಊರೆಲ್ಲ ಹಬ್ಬಿತ್ತು. ಏಜೆನ್ಸಿಗೆ ಬಂದ ಲೋಡ್ ಆಗಲೇ ಮುಗಿದಿತ್ತು. ಅಲ್ಲಿಂದ ಬರಿಗೈಲಿ ಬರುತ್ತಿದ್ದವರು ತಮ್ಮ ಖಾಲಿ ಸಿಲಿಂಡರನ್ನು ಇದರ ಹಿಂದೆ ಇಟ್ಟು, ಬೇವಿನ ಮರದ ನೆರಳಿಗೆ ಹೋದರು. ಸುಬ್ಬಕೃಷ್ಣ ಮರಳುವ ಹೊತ್ತಿಗೆ ಕ್ಯೂ ರಸ್ತೆಯ ತಿರುವಿನವರೆಗೆ ಬೆಳೆದಿತ್ತು.

"ಲೋಡ್ ಎಷ್ಟೊತ್ತಿಗಂತೆ ಸಾರ್?" ಎಂದು ಎರಡನೇ ಸಿಲಿಂಡರಿನವರು ಕೇಳಿದರು.

"ಲೋಡೂ ಇಲ್ಲ, ಏನೂ ಇಲ್ಲ. ನಾನು ತೂಕ ಹಾಕ್ಸೋಕೆ ಬಂದಿರೋದು."

ಆತ ಹಿಂದಿನವರ ಕಡೆ ತಿರುಗಿ ನಕ್ಕರು. "ಬಾಯ್ಬಿಡಲ್ಲ ನೋಡಿ. ಒಳಗಿನೋರು ಯಾರೋ ಗೊತ್ತಿರ್ಬೇಕು."

ಸುಬ್ಬಕೃಷ್ಣ ಬಿಡಿಸಿ ಬಿಡಿಸಿ ಹೇಳಿದಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. ಅಷ್ಟರಲ್ಲಿ ಮಹಾಲಿಂಗಯ್ಯ ಬಾಯಿ ಒರೆಸಿಕೊಳ್ಳುತ್ತಾ ಬಂದ. ಊರಿಗೆ ಗ್ಯಾಸ್ ಬಂದ ಮೇಲೆ ಅವನ ಡಿಪೋ ಮುಂದೆ ನಿಲ್ಲುತ್ತಿದ್ದದ್ದು ಮೇಕೆಗಳು ಮಾತ್ರ. ಈ ಸಂತೆ ನೋಡಿ ಅವನು ಕನಸೋ ಎಂಬಂತೆ ಕಣ್ಣುಜ್ಜಿಕೊಂಡು ಬಾಗಿಲು ತೆಗೆದ.

ತಕ್ಕಡಿಯ ಸರಪಳಿ ಕಿರ್ರೆಂದಿತು. ಒಂದು ತಟ್ಟೆಯಲ್ಲಿ ಸಿಲಿಂಡರ್, ಇನ್ನೊಂದರಲ್ಲಿ ತೂಕದ ಕಲ್ಲು. ಸುಬ್ಬಕೃಷ್ಣ ಇದ್ದಲಿನ ಚೂರಿನಿಂದ ಗೋಡೆಯ ಮೇಲೆ ಕಳೆಯುವ ಲೆಕ್ಕ ಮಾಡಿದ. ಅರ್ಧಕ್ಕೂ ಹೆಚ್ಚು ಗ್ಯಾಸ್ ಉಳಿದಿತ್ತು. ಮಾವನವರಿಗೆ ಒಬ್ಬಟ್ಟೇನು, ಒಂದು ಮದುವೆಯ ಅಡಿಗೆಯನ್ನೇ ಮಾಡಬಹುದಿತ್ತು. ಅವನ ಮುಖ ಆಗ ತಾನೇ ಗಾಳಿ ಹೊಡೆದ ಪೆಟ್ರೊಮ್ಯಾಕ್ಸ್ ದೀಪದಂತೆ ಬೆಳಗಿತು.

ಸುಮ್ಮನೆ ಮನೆಗೆ ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನಗೆ ಸಿಕ್ಕ ಸತ್ಯ ನಾಲ್ಕು ಜನಕ್ಕೂ ಸಿಗಲಿ ಎಂದು ಅವನಿಗೆ ಹಟ ಬಂತು. ಸಿಲಿಂಡರನ್ನು ಮೊದಲಿನ ಜಾಗದಲ್ಲೇ ಇಟ್ಟು ಬಂದು, ಬೆಲೆ ಏರಿದರೆ ಯಾರಿಗೆ ನಷ್ಟ, ಯಾರಿಗೆ ಲಾಭ, ಯಾರು ಯಾವುದರ ಕಡೆ ತಿರುಗುತ್ತಾರೆ ಎಂದು ಗೋಡೆ ತುಂಬ ಬರೆದು ವಿವರಿಸತೊಡಗಿದ. ಜನ ಒಳಗೆ ನುಗ್ಗಿ ಕೇಳಿದರು. ಎಲ್ಲರಿಗಿಂತ ಗಮನವಿಟ್ಟು ಕೇಳಿದವನು ಮಹಾಲಿಂಗಯ್ಯ.

ಅದೇ ಹೊತ್ತಿಗೆ ಗುಬ್ಬಿ ಕಡೆಯಿಂದ ಖಾಲಿ ಸಿಲಿಂಡರ್ ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದ ಏಜೆನ್ಸಿಯ ಲಾರಿ ಕ್ಯೂ ಕಂಡು ನಿಂತಿತು. ಮರದ ಕೆಳಗಿದ್ದವರು ಎದ್ದು ಅದನ್ನು ಸುತ್ತುವರಿದರು. ಲಾರಿಯಲ್ಲಿದ್ದ ಏಜೆನ್ಸಿಯ ಚನ್ನಬಸವಯ್ಯ, ಜನ ಬಿಡುವುದಿಲ್ಲವೆಂದು ಕಂಡು, ಖಾಲಿ ಕೊಟ್ಟವರ ಹೆಸರು ಬರೆದುಕೊಳ್ಳುತ್ತೇನೆ, ತುಂಬಿಸಿಕೊಂಡು ಬಂದ ಮೇಲೆ ಸರದಿಯಂತೆ ಕೊಡುತ್ತೇನೆ ಎಂದ. ಕ್ಯೂ ಎಂದರೆ ಕ್ಯೂ. ಮೊದಲಿನದನ್ನೇ ಮೊದಲು ಎತ್ತಬೇಕು. ಯಜಮಾನರು ಒಳಗೆ ಇದ್ದಾರೆ, ಅವರ ಹೆಸರೇ ಮೊದಲು ಬರೆಯಿರಿ ಎಂದು ಎರಡನೆಯವರು ಧರ್ಮ ಬಿಡದೆ ಹೇಳಿದರು.

"ಇದ್ಯಾಕ್ ಸಾಮಿ ಇಷ್ಟ್ ಭಾರ?" ಎಂದ ಲೋಡ್ ಮಾಡುವ ಕಾಳಯ್ಯ.

"ಮೊದಲ್ನೇದು ಹಂಗೇ ಕಣ್ಲಾ. ಮೈ ಬಿಸಿ ಆಗ್ಬೇಕು. ಎತ್ತು," ಎಂದ ಚನ್ನಬಸವಯ್ಯ.

ಸುಬ್ಬಕೃಷ್ಣ ಕೈಯ ಮಸಿ ಒರೆಸಿಕೊಂಡು ಹೊರಗೆ ಬಂದಾಗ ಬಾಗಿಲ ಪಕ್ಕ ಒಂದು ದುಂಡನೆಯ ಗುರುತಷ್ಟೇ ಇತ್ತು. ಎರಡನೆಯವರು ಅವನ ಕೈ ಕುಲುಕಿ, ಮುಂದಿನ ಲೋಡಿಗೆ ನೀವೇ ಫಸ್ಟು ಎಂದು ಅಭಿನಂದಿಸಿದರು.

ಅವನು ಸೈಕಲ್ ಹತ್ತಿದ. ಬೆಂಗಳೂರು ರಸ್ತೆಯ ಕ್ಯಾತ್ಸಂದ್ರದಲ್ಲಿ ಲಾರಿ ಚಹಾಕ್ಕೆ ನಿಂತಿತ್ತು. ಏದುಸಿರು ಬಿಡುತ್ತಾ ತನ್ನ ಸಿಲಿಂಡರ್ ಖಾಲಿಯಲ್ಲ, ವಾಪಸು ಕೊಡಿ ಎಂದು ಬೇಡಿದ. ಚನ್ನಬಸವಯ್ಯ ಲಾರಿಯತ್ತ ಕೈ ತೋರಿಸಿದ. ಅವಳಿಜವಳಿಗಳ ಊರೊಂದೇ ಅಲ್ಲಿ ಮಲಗಿತ್ತು. ಕ್ಯೂನಲ್ಲಿ ಮೊದಲು ಏರಿದ ಅವನದು ಎಲ್ಲೋ ಕೆಳಗೆ, ಎಲ್ಲೋ ಒಳಗೆ.

ಆದರೂ ಅವನು ಬಿಡದೆ, ಬೆಲೆ ಏರಿದ ಮೇಲೆ ತನಗೆ ಯಾವ ರೇಟು ಹಾಕುತ್ತೀರಿ ಎಂದು ಕೇಳಿದ.

"ಯಾವ ಏರಿಕೆ ಸಾರ್? ನಮಗೆ ಯಾವ ಆರ್ಡರೂ ಬಂದಿಲ್ಲ. ಯಾರೋ ಹಬ್ಬಿಸವ್ರೆ," ಎಂದ ಚನ್ನಬಸವಯ್ಯ. ಲಾರಿ ಹೊರಟಿತು.

ಹಿಂತಿರುಗುವಾಗ ದಾರಿಯುದ್ದಕ್ಕೂ ಸುಬ್ಬಕೃಷ್ಣ ಯೋಚಿಸಿದ. ಹಿತ್ತಿಲಲ್ಲಿ ಬಚ್ಚಲ ಒಲೆ ಇದೆ. ಮಾವನವರು ಬಸ್ಸಿಳಿಯುವ ಮೊದಲು ಅದರ ಮೇಲೇ ಬೇಳೆ ಬೇಯಿಸುತ್ತೇನೆ, ಊದುಕೊಳವೆ ನಾನೇ ಹಿಡಿಯುತ್ತೇನೆ, ಕೌಸಲ್ಯ ಮಾತ್ರ ಬಸ್ಸು ಹತ್ತಬಾರದು. ಹಾಗೆಂದುಕೊಂಡು ಅವನು ಮನೆಗೆ ಹೋಗದೆ ನೇರ ಡಿಪೋಗೆ ಹೋದ.

ಮಹಾಲಿಂಗಯ್ಯ ಸೌದೆಗೆ ಹೇಳಿದ ಬೆಲೆ ಬೆಳಗಿನ ಬೆಲೆಯ ಒಂದೂವರೆ ಪಟ್ಟಿತ್ತು.

"ಇದೇನ್ರೀ, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಇಷ್ಟೊಂದು?"

"ಗ್ಯಾಸ್ ಏರಿದ್ರೆ ಜನ ಎಲ್ಲ ಸೌದೆ ಕಡೆ ತಿರುಗ್ತಾರೆ ಅಂತ ನೀವೇ ಬರ್ದು ತೋರ್ಸುದ್ರಲ್ಲ ಸಾಮಿ. ಆ ಲೆಕ್ಕಾನೇ ನಾನೂ ನೋಡ್ಕಂಡು ಕೂಡ್ದೆ."

ಗ್ಯಾಸ್ ಏರುವುದು ಶುದ್ಧ ಸುಳ್ಳು, ಏಜೆನ್ಸಿಯವರ ಬಾಯಿಂದಲೇ ಕೇಳಿ ಬಂದಿದ್ದೇನೆ ಎಂದು ಸುಬ್ಬಕೃಷ್ಣ ಆಣೆ ಇಟ್ಟು ಹೇಳಿದ. ಮಹಾಲಿಂಗಯ್ಯ ತಲೆದೂಗಿ, ತಕ್ಕಡಿಯ ತಟ್ಟೆಯನ್ನು ಒರೆಸಿದ.

"ಗ್ಯಾಸಿಂದು ಸುಳ್ಳೇ ಇರ್ಬೋದು ಬುಡಿ. ಸೌದೇದು ನಿಜ. ಎಷ್ಟು ಮಣ ಹಾಕ್ಲಿ?"

ಸುಬ್ಬಕೃಷ್ಣ ಗೋಡೆಯ ಮೇಲಿನ ತನ್ನ ಲೆಕ್ಕವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದ. ಎಲ್ಲಿಯೂ ತಪ್ಪಿರಲಿಲ್ಲ.

"ಎರಡು," ಎಂದ. "ಒಣಗಿರೋದು ನೋಡಿ ಹಾಕಿ. ನಾಳೆ ನಮ್ಮ ಮಾವನೋರು ಬರ್ತಾರೆ."