ನರಕಾಸುರನಿಗೆ ಸೂತಕ

ನಿಗಡಿಯ ನಮ್ಮ ಶ್ಯಾಮರಾಯರಿಗೆ ದೀಪಾವಳಿಯ ಮೇಲೆ ಸಿಟ್ಟಿರಲಿಲ್ಲ. ನರಕ ಚತುರ್ದಶಿಯ ಬೆಳಗಿನ ಐದೂವರೆಯ ಮೇಲೆ ಮಾತ್ರ ಸಿಟ್ಟಿತ್ತು. ಆ ಹೊತ್ತಿಗೆ ಸರಿಯಾಗಿ ಅವರ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಪ್ರತಿವರ್ಷ ನರಕಾಸುರವಧೆಯ ನಾಟಕ ನಡೆಯುತ್ತಿತ್ತು, ಮತ್ತು ನರಕಾಸುರ ಇವರೇ.

ಪಿಂಪ್ರಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೂತು ಯಾರಿಗೂ ಎದುರಾಡದೆ ದಿನ ಕಳೆಯುವ ಮನುಷ್ಯ ಅವರು. ಹೊಟ್ಟೆ ಸ್ವಲ್ಪ ಮುಂದಿದೆ ಎಂಬ ಒಂದೇ ಕಾರಣಕ್ಕೆ ಸೊಸೈಟಿಯ ಸೆಕ್ರೆಟರಿ ಅಪ್ಪಾಸಾಹೇಬರು ಆರು ವರ್ಷದ ಹಿಂದೆ ಆ ಪಾತ್ರ ಕೊಟ್ಟಿದ್ದರು. ಒಮ್ಮೆ ಅಸುರನಾದವನನ್ನು ಆಮೇಲೆ ಯಾರು ದೇವರ ಪಾರ್ಟಿಗೆ ಕರೆಯುತ್ತಾರೆ? ಹೋದ ವರ್ಷವಂತೂ ಹುಡುಗರು ರಟ್ಟಿನ ಗದೆ ಮುರಿದ ಮೇಲೆ ಕ್ರಿಕೆಟ್ ಬ್ಯಾಟು ಎತ್ತಿಕೊಂಡಿದ್ದರು. ಅಮಾವಾಸ್ಯೆ, ಪಾಡ್ಯ ಎರಡನ್ನೂ ರಾಯರು ಬೋರಲು ಮಲಗಿಯೇ ಕಳೆದರು. ಚಕ್ಕಲಿ, ಉಂಡಿಯ ಫರಾಳದ ತಟ್ಟೆ ಹಿಡಿದು ನೋಡಲು ಬಂದ ಅಪ್ಪಾಸಾಹೇಬರು, "ಸ್ವಲ್ಪ ನಗ್ರಿ ಶ್ಯಾಮರಾವ್, ಹಬ್ಬ ಅದ!" ಎಂದು ಬೆನ್ನು ಬೇರೆ ತಟ್ಟಿದ್ದರು.

೧೯೯೮ರ ಆ ತ್ರಯೋದಶಿಯ ಬೆಳಿಗ್ಗೆ ಅಪ್ಪಾಸಾಹೇಬರು ಬಣ್ಣದ ಡಬ್ಬಿ, ಮೀಸೆ ಹಿಡಿದು ಬಾಗಿಲು ಬಡಿದಾಗ ರಾಯರ ಬಾಯಿಂದ ಅವರಿಗೇ ತಿಳಿಯದಂತೆ ಮಾತು ಹೊರಬಿತ್ತು.

"ನನಗ ಸೂತಕ ಅದ ರೀ."

"ಅಯ್ಯಯ್ಯ! ಯಾರು ಹೋದ್ರು?"

"ಸೋದರಮಾವ. ಗದಗದಾಗ. ಮೊನ್ನೆ ಹೋದ್ರಂತ, ಈಗ ಫೋನ್ ಬಂತು."

ಅಪ್ಪಾಸಾಹೇಬರು ಮೀಸೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಮುಖ ಸಣ್ಣದು ಮಾಡಿಕೊಂಡು ಇಳಿದುಹೋದರು. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಹೆಂಡತಿ ಭಾಮಾ ಬಂದಳು.

"ನಿಮ್ಮ ಅಮ್ಮಗ ಅಣ್ಣತಮ್ಮಂದಿರು ಯಾರೂ ಇಲ್ಲಲ್ಲರೀ!"

"ಅದಕ್ಕ ಮಾವ ಅಂತ ಹೇಳಿದೆ. ಇದ್ದವರನ್ನ ಕೊಂದ್ರ ಪಾಪ ಬರ್ತದ," ಎಂದು ರಾಯರು ಪೇಪರ್ ಬಿಡಿಸಿದರು. ಇಷ್ಟು ಬುದ್ಧಿ ಇದ್ದೂ ಆರು ವರ್ಷ ಯಾಕೆ ಏಟು ತಿಂದೆ ಎಂದು ಅವರಿಗೇ ಆಶ್ಚರ್ಯವಾಯಿತು.

ಅರ್ಧ ಗಂಟೆಯೂ ಆಗಿರಲಿಲ್ಲ, ಕೆಳಗಿನ ಮನೆಯ ಸಾವಿತ್ರಿಬಾಯಿ ಬಂದರು. ಧಾರವಾಡದ ಹಿರಿಯ ಜೀವ. ಸೊಸೈಟಿಯಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಶಾಸ್ತ್ರ ಹೇಳುವುದು ಅವರೇ. ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ಬೆರಳು ಮಡಚಿದರು.

"ಸೋದರಮಾವಂದು ಮೂರು ದಿನ. ಮೊನ್ನೆ, ನಿನ್ನೆ, ಇವತ್ತ. ನಾಳೆ ಬೆಳಗಿನ ಝಾವ ತಲಿ ಮ್ಯಾಲ ನೀರು ಹಾಕ್ಕೊಂಡ್ರ ಶುದ್ಧಿ. ಹೆಂಗೂ ಅಭ್ಯಂಗ ಅದ. ಐದೂವರಿಗೆ ನೀವು ನರಕಾಸುರ ಆಗ್ಲಿಕ್ಕೆ ಏನೂ ಅಡ್ಡಿ ಇಲ್ಲ."

ರಾಯರು ಪೇಪರ್ ಮಡಚಿಟ್ಟರು. "ಸೋದರಮಾವ ಅಂದೆನೇನು? ದುಃಖದಾಗ ಏನೋ ಅಂದೆ ನೋಡ್ರಿ. ದೊಡ್ಡಪ್ಪನ ಮಗ. ನಮ್ಮಣ್ಣ!"

"ಅಂದ್ರ ದಾಯಾದಿ! ಹತ್ತು ದಿನ!" ಸಾವಿತ್ರಿಬಾಯಿಗೆ ಎಲ್ಲಿಲ್ಲದ ಹುರುಪು ಬಂತು. "ಭಾಮಾ, ಮೊದಲ ಒಲಿ ಮ್ಯಾಲಿನ ಎಣ್ಣಿ ಇಳಸು. ಸೂತಕದ ಮನ್ಯಾಗ ಕರಿಯೋಹಂಗಿಲ್ಲ."

ಅಲ್ಲಿಂದ ಮನೆ ಸಾವಿತ್ರಿಬಾಯಿಯ ಕೈಗೆ ಹೋಯಿತು. ಆಕಾಶಬುಟ್ಟಿ ಕೆಳಗಿಳಿಯಿತು. ಗಾದಿ ಸುತ್ತಿಟ್ಟು ಚಾಪೆ ಹಾಸಿದರು. ಟಿವಿಗೆ ಬಟ್ಟೆ ಹೊದಿಸಿದರು. ಭಾಮಾ ನಾಲ್ಕು ಅಂಗಡಿ ತಿರುಗಿ ಆರಿಸಿದ್ದ ಹಸಿರು ಸೀರೆ ಮತ್ತೆ ಟ್ರಂಕಿಗೆ ಹೋಯಿತು. ಕರಿದಿಟ್ಟಿದ್ದ ಎರಡು ಡಬ್ಬಿ ಚಕ್ಕಲಿ, ಒಂದು ಡಬ್ಬಿ ಬೇಸನ್ ಉಂಡಿ ಕೆಲಸದ ರಂಗೂಬಾಯಿಯ ಪಾಲಾದವು. ರಂಗೂಬಾಯಿಗೆ ಅಣ್ಣನ ಸೂತಕ ಅಡ್ಡ ಬರಲಿಲ್ಲ. ಭಾಮಾ ಗಂಡನನ್ನೇ ನೋಡುತ್ತ ನಿಂತಳು. ರಾಯರು ಆ ನೋಟ ತಪ್ಪಿಸಿ ಚಾಪೆಯ ಅಂಚು ಸರಿಮಾಡಿದರು.

ಮಧ್ಯಾಹ್ನದಿಂದ ಸೊಸೈಟಿಯ ಹದಿನೆಂಟೂ ಮನೆಯವರು ಸಾಲಾಗಿ ಬಂದರು. ಬಂದವರಿಗೆಲ್ಲ ಅಣ್ಣ ಹೇಗೆ ಸತ್ತ ಎಂದು ಹೇಳಬೇಕಲ್ಲ! ಮೊದಲು ಅವನಿಗೆ ಸಕ್ಕರೆ ಕಾಯಿಲೆ ಬಂತು, ಮೂರು ಗಂಟೆಗೆ ಹೃದಯ ಕೈಕೊಟ್ಟಿತು, ನಾಲ್ಕಕ್ಕೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹೀಗೆ ಹೇಳುತ್ತ ಹೇಳುತ್ತ ರಾಯರಿಗೇ ಆ ಪುಣ್ಯಾತ್ಮನ ಮೇಲೆ ಕನಿಕರ ಹುಟ್ಟಿಬಿಟ್ಟಿತು. ಪಕ್ಕದ ಮನೆಯಿಂದ ಚಕ್ಕಲಿ ಕರಿಯುವ ವಾಸನೆ ಬಂದಾಗ ನಿಜವಾಗಿಯೂ ಅತ್ತರು. ನೋಡಿದವರು ಅಣ್ಣತಮ್ಮಂದಿರೆಂದರೆ ಹೀಗಿರಬೇಕು ಎಂದು ತಾವೂ ಅತ್ತು ಹೋದರು. ಹೊಟ್ಟೆ ಹಸಿದಿತ್ತು, ಚಾಪೆ ಚುಚ್ಚುತ್ತಿತ್ತು. ಆದರೂ ನಾಳೆ ಒಂಬತ್ತರ ತನಕ ಮಲಗಬಹುದು, ಯಾವನೂ ಹೊಡೆಯುವುದಿಲ್ಲ ಎಂದು ರಾಯರು ಸಮಾಧಾನ ಮಾಡಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಅಪ್ಪಾಸಾಹೇಬರು ಮತ್ತೆ ಬಂದರು. ಹಿಂದೆ ಸಾವಿತ್ರಿಬಾಯಿ.

"ಶ್ಯಾಮರಾವ್, ನಿಮ್ಮ ಮನ್ಯಾಗ ಸಾವು, ನಾವು ಕೆಳಗ ಕುಣಿಯೋದು, ಇದು ಛಲೋ ಅಲ್ಲ. ಮೀಟಿಂಗ್ ಮಾಡಿ ನಾಳಿನ ನಾಟಕ ನಿಲ್ಲಿಸೇವಿ."

ರಾಯರು ಎದ್ದು ಕೈಮುಗಿದರು. "ಎಷ್ಟು ದೊಡ್ಡ ಮನಸ್ಸು ನಿಮ್ಮದು!"

"ಅದನ್ನ ತುಳಸಿ ಲಗ್ನದ ದಿನ ಇಟ್ಟೇವಿ. ಅಷ್ಟೊತ್ತಿಗೆ ನಿಮ್ಮ ಸೂತಕನೂ ತೀರಿರ್ತದ. ಹುಡುಗರಿಗೂ ಪ್ರಾಕ್ಟೀಸ್‌ಗೆ ಇನ್ನೂ ಹದಿನಾಲ್ಕು ದಿನ ಸಿಕ್ತು, ಭಾಳ ಖುಷಿ ಆಗ್ಯಾರ."

"ನನ್ನ ಬದ್ಲಿ ಬ್ಯಾರೆ ಯಾರಾದ್ರೂ..."

"ಛೇ ಛೇ! ಇಂಥಾ ದುಃಖದಾಗ ನಿಮ್ಮನ್ನ ಬಿಟ್ಟು ಹಬ್ಬ ಮಾಡ್ತೀವೇನು? ಅಷ್ಟು ಕಟುಕರಲ್ಲ ನಾವು."

"ಹತ್ತನೇ ದಿನ ಕ್ಷೌರ ಆಗಬೇಕು ಮತ್ತ," ಸಾವಿತ್ರಿಬಾಯಿ ನೆನಪಿಸಿದರು. "ಹೋದವರು ಹಿರಿಯರು, ನೀವು ಸಣ್ಣವರು. ತಲಿ ಬೋಳಿಸಲಿಕ್ಕೇ ಬೇಕು. ನಾ ಹೇಳಿ ಕಳಿಸೇನಿ."

ಅಪ್ಪಾಸಾಹೇಬರು ರಾಯರ ತಲೆಯನ್ನು ಆ ಕಡೆ ಈ ಕಡೆಯಿಂದ ನೋಡಿದರು. "ಹಂಗಾದ್ರ ಈ ಸಲ ಕೊಂಬೂ ತರಸ್ತೇನಿ. ಬೋಳು ತಲಿಗೆ ಗಟ್ಟಿ ಕೂಡ್ತಾವ," ಎಂದು ಕೈಮುಗಿದು ಹೊರಟರು.

ಬಾಗಿಲು ಹಾಕಿಕೊಂಡ ರಾಯರು ಚಾಪೆಯ ಮೇಲೆ ಕುಸಿದರು. "ಭಾಮಾ, ತುಳಸಿ ಲಗ್ನಕ್ಕ ಯಾರನ್ನ ಸಾಯಿಸೋಣ?"

"ಹೊರಗಿನವರು ಯಾರೂ ಬ್ಯಾಡ," ಭಾಮಾ ಬೆಳಗಿನಿಂದ ಮೊದಲ ಬಾರಿ ನಕ್ಕಳು. "ಸತ್ಯಭಾಮಾನ ಕೈಯಿಂದನ ಅಲ್ಲರೀ ನರಕಾಸುರ ಸಾಯೋದು? ಆ ಪಾರ್ಟು ಈ ಸಲ ನನಗ ಕೊಡ್ರಿ ಅಂತ ಮೀಟಿಂಗ್ ಹೊತ್ತಿಗೆ ಕೆಳಗ ಹೋಗಿ ಅಪ್ಪಾಸಾಹೇಬರನ್ನ ಕೇಳೇನಿ. ಒಪ್ಯಾರ."