ಲಾರ್ಸ್ ಅಜ್ಜನಿಗೆ ಎಡೆ

ಚಕ್ರಪಾಣಿಯ ಮನೆಯಲ್ಲಿ ಕಳೆದುಹೋಗಬಾರದ ವಸ್ತುಗಳನ್ನೆಲ್ಲ ದೇವರ ಗೂಡಿನಲ್ಲಿಡುವುದು ರೂಢಿ. ಪಾಸ್‌ಪೋರ್ಟು, ಕಾರಿನ ಎರಡನೆಯ ಕೀಲಿ, ಮಗಳು ನವ್ಯಾಳ ಲಸಿಕೆಯ ಚೀಟಿ, ಎಲ್ಲಕ್ಕೂ ವೆಂಕಟರಮಣನದೇ ಕಾವಲು. ಅಮೆರಿಕದ ಮಿಲ್ ಕ್ರೀಕಿಗೆ ಬಂದ ಹದಿನೆಂಟು ವರ್ಷಗಳಲ್ಲಿ ಒಂದೂ ಕಳೆದಿಲ್ಲ. ಆದ್ದರಿಂದ ಶುಕ್ರವಾರ ಸಂಜೆ ಲಾರ್ಸ್ ಅಜ್ಜನನ್ನೂ ಅಲ್ಲೇ ಒರಗಿಸಿಟ್ಟ.

ಲಾರ್ಸ್ ಎಂದರೆ ಒಂದು ಫೋಟೋ. ಕಂದು ಬಣ್ಣದ ದಪ್ಪ ಕಾಗದ, ಕೆಳಗೆ ೧೯೦೮ ಎಂಬ ಬರಹ. ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಸೀಡರ್ ಮರ, ಅದರ ಬುಡದ ಕಚ್ಚಿನಲ್ಲಿ ಕೊಡಲಿ ಹೊತ್ತು ನಿಂತ ಪೊದೆ ಮೀಸೆಯ ಆಸಾಮಿ. ಶನಿವಾರ ಹತ್ತಿರದ ಕೆನ್ಮೋರ್ ಊರಿನಲ್ಲಿ 'ಉತ್ತರ ದಂಡೆ ಇತಿಹಾಸ ಬಳಗ'ದವರ ಹಳೆಯ ಚಿತ್ರಗಳ ಪ್ರದರ್ಶನ. ಲಾರ್ಸ್‌ನ ಬಗ್ಗೆ ಅಲ್ಲಿ ಎರಡು ನಿಮಿಷ ಮಾತಾಡಲೆಂದು ಬಳಗದವರು ಈ ಫೋಟೋವನ್ನು ಚಕ್ರಪಾಣಿಗೆ ಕೊಟ್ಟಿದ್ದರು. ಅದು ಮುಗಿದ ಮೇಲೆ ಬಳಗದ ಸಮಿತಿಗೆ ಅವನ ಹೆಸರು ಸೇರಿಸುವ ಮಾತೂ ಇತ್ತು. ಸಮಿತಿಯಲ್ಲಿ ಈವರೆಗೆ ಒಬ್ಬ ಕನ್ನಡಿಗನೂ ಇರಲಿಲ್ಲ. ವಾಷಿಂಗ್ಟನ್ ರಾಜ್ಯವನ್ನು 'ನಮ್ಮ ರಾಜ್ಯ' ಎನ್ನುವಾಗ ಚಕ್ರಪಾಣಿಯ ಎದೆ ಎರಡಂಗುಲ ಮುಂದೆ ಬರುತ್ತಿತ್ತು. ಅದಕ್ಕೊಂದು ಪುರಾವೆ ಸಿಗಲಿ ಎಂಬುದೇ ಅವನ ಆಸೆ.

ಆದರೆ ಆ ಶನಿವಾರ ಮಹಾಲಯ ಅಮಾವಾಸ್ಯೆ. ಮೂರು ತಿಂಗಳ ಹಿಂದೆ ಮಂಡ್ಯದಿಂದ ಬಂದಿದ್ದ ದೊಡ್ಡಮ್ಮ ಬೆಟ್ಟಮ್ಮ ಅದನ್ನು ಮರೆತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಚಕ್ರಪಾಣಿ ಫೋಟೋ ತೆಗೆದುಕೊಳ್ಳಲು ಹೋದರೆ ದೇವರ ಗೂಡಿನ ಮುಂದೆ ಬಾಳೆಲೆ ಹಾಸಿತ್ತು. ಅವನ ತಂದೆ ತಾತಂದಿರ ಸಾಲಿನಲ್ಲಿ ಲಾರ್ಸ್ ಕೂತಿದ್ದ. ಹಣೆಯಲ್ಲಿ ಗಂಧ, ಅದರ ಮೇಲೆ ಕಾಸಿನಗಲ ಕುಂಕುಮ, ಎದುರಿಗೆ ಬಿಸಿ ಮುದ್ದೆ.

ಚಕ್ರಪಾಣಿ ಲಾರ್ಸ್‌ನತ್ತ ಬೆರಳು ತೋರಿಸಿದ. "ದೊಡ್ಡಮ್ಮ, ಇವರು ಯಾರು ಅಂದ್ಕೊಂಡ್ರಿ?"

"ನಿನ್ ಹೆಂಡ್ತಿ ಕಡೇರು ಅಂದ್ಕಂಡೆ ಕಣಪ್ಪ. ಮೀಸೆ ನೋಡುದ್ರೆ ಮುದ್ದೆ ಉಣ್ಣೋರಂಗವ್ರೆ, ಅದ್ಕೇ ಮಾಡ್ದೆ."

"ಪ್ಲಾಸ್ಟಿಕ್ ಕವರ್ ಇತ್ತಲ್ಲ?"

"ಕವರ್ ಮ್ಯಾಕೆ ಕುಂಕುಮ ಮಡಗುದ್ರೆ ಅವ್ರಿಗೆ ಸಲ್ತದಾ? ತಗುದ್ಬುಟ್ಟೆ."

ನವ್ಯಾ ಸೀರಿಯಲ್ ಬಟ್ಟಲು ಹಿಡಿದು ಬಂದು ನೋಡಿದಳು. "ಪಪ್ಪಾ, ಯು ಆರ್ ಸೋ ಡೆಡ್," ಎಂದು ಹೇಳಿ ತಿನ್ನುತ್ತಾ ಹೋದಳು.

ಪಕ್ಕದ ಮನೆಯ ದ್ವಾರಕಾನಾಥ ದಂಪತಿಗೆ ಸುದ್ದಿ ಹೇಗೆ ಮುಟ್ಟಿತೋ, ಹತ್ತು ನಿಮಿಷದಲ್ಲಿ ಇಬ್ಬರೂ ಹಾಜರಾದರು. ರುಕ್ಮಿಣಿಯ ಕೈಯಲ್ಲಿ ಆಗಲೇ ಕೊಬ್ಬರಿ ಎಣ್ಣೆಯ ಬಾಟಲಿಯಿತ್ತು.

"ಕುಂಕುಮದ ಕಲೆಗೆ ಇದೇ ಮದ್ದು. ನನ್ನ ರೇಷ್ಮೆ ಸೀರೆದೇ ತೆಗ್ದಿದೀನಿ," ಎಂದು ಚಕ್ರಪಾಣಿ ಬೇಡವೆನ್ನುವ ಮೊದಲೇ ಹತ್ತಿಯಿಂದ ಒರೆಸಿದಳು. ಕುಂಕುಮ ಹೋಗಲಿಲ್ಲ, ಮೇಲಕ್ಕೆ ಎದ್ದಿತು. ದುಂಡಗಿದ್ದ ಬೊಟ್ಟು ಕೂದಲಿನವರೆಗೂ ಏರಿದ ಉದ್ದ ನಾಮವಾಯಿತು. ಲಾರ್ಸ್ ಕೊಡಲಿ ಹಿಡಿದ ಅಯ್ಯಂಗಾರ್ಯರಂತೆ ಕಂಡ.

"ಎಣ್ಣೆ ಒಣಗಿಸಿದ್ರೆ ಸರಿ ಹೋಗತ್ತೆ, ಸಿಂಪಲ್ ಫಿಸಿಕ್ಸ್," ಎಂದು ದ್ವಾರಕಾನಾಥ ಹೇರ್ ಡ್ರೈಯರ್ ಹಿಡಿದರು. ಫೋಟೋದ ನಾಲ್ಕು ಅಂಚೂ ಹಪ್ಪಳದಂತೆ ಸುರುಟಿಕೊಂಡವು. ನಾಮ ಮಾತ್ರ ಇನ್ನೂ ಗಟ್ಟಿಯಾಗಿ ಕೂತಿತು.

"ಹುಷಾರಿಲ್ಲ ಅಂತ ಫೋನ್ ಮಾಡ್ಬಿಡಿ," ಎಂದಳು ರುಕ್ಮಿಣಿ.

ಚಕ್ರಪಾಣಿಗೆ ಆ ಆಸೆ ಆಗದಿರಲಿಲ್ಲ. ಆದರೆ ನಂಬಿ ಕೊಟ್ಟವರ ವಸ್ತು. ಇಂದು ತಪ್ಪಿಸಿಕೊಂಡರೆ ಇನ್ನೆಂದೂ 'ನಮ್ಮ ರಾಜ್ಯ' ಎನ್ನಲು ತನಗೆ ಮುಖ ಇರುವುದಿಲ್ಲ ಎನ್ನಿಸಿತು. "ಹೋಗಿ ಒಪ್ಪಿಕೊಳ್ತೀನಿ," ಎಂದ.

"ನಾನೂ ಬತ್ತೀನಿ. ಮಡಗಿದ್ದು ನಾನು, ನಾನೇ ಯೋಳ್ತೀನಿ," ಎಂದು ಬೆಟ್ಟಮ್ಮ ತಮ್ಮ ಕೈಚೀಲ ಎತ್ತಿಕೊಂಡು ಕಾರಿನಲ್ಲಿ ಕೂತರು. ದಾರಿಯಲ್ಲಿ ಬಾತೆಲ್ ಊರು ದಾಟುವಷ್ಟರಲ್ಲಿ ಚಕ್ರಪಾಣಿ ಕ್ಷಮಾಪಣೆಯನ್ನು ಏಳು ಸಲ ಅಭ್ಯಾಸ ಮಾಡಿದ.

ಸಭಾಂಗಣದಲ್ಲಿ ಬಳಗದ ಅಧ್ಯಕ್ಷೆ ಐರೀನ್ ಗಾಲಿಕುರ್ಚಿಯಲ್ಲಿದ್ದ ತೊಂಬತ್ತು ದಾಟಿದ ಅಜ್ಜಿಯೊಬ್ಬರ ಪಕ್ಕ ನಿಂತಿದ್ದಳು. "ಸರಿಯಾದ ಹೊತ್ತಿಗೆ ಬಂದೆ. ಇವರು ಲಾರ್ಸ್‌ನ ಮೊಮ್ಮಗಳು," ಎಂದಳು.

ಅಭ್ಯಾಸ ಮಾಡಿದ್ದೆಲ್ಲ ಆವಿಯಾಯಿತು. ಚಕ್ರಪಾಣಿ ಫೋಟೋವನ್ನು ಅಜ್ಜಿಯ ಮಡಿಲಿಗಿಟ್ಟು, ಅಮಾವಾಸ್ಯೆ, ಎಡೆ, ಕುಂಕುಮ, ಎಣ್ಣೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಸುತ್ತ ಜನ ಸೇರಿದರು.

ಐರೀನ್ ನಕ್ಕಳು. "ಅಸಲು ಚಿತ್ರವನ್ನು ನಾವು ಯಾರ ಮನೆಗೂ ಕಳಿಸುವುದಿಲ್ಲ, ಚಕ್ರ. ಇದು ಹೋದ ತಿಂಗಳು ಹಳೆಯದರಂತೆ ಮಾಡಿಸಿದ ಪ್ರಿಂಟು."

ಚಕ್ರಪಾಣಿಯೂ ನಕ್ಕ. ಮೊಮ್ಮಗಳು ಮಾತ್ರ ನಗಲಿಲ್ಲ. ನಾಮದ ಮೇಲೆ ಬೆರಳಾಡಿಸಿ, "ಊಟಕ್ಕೆ ಏನು ಬಡಿಸಿದಿರಿ?" ಎಂದು ಕೇಳಿದರು.

"ಮುದ್ದೆ. ರಾಗಿಯದು. ಬಿಸಿಯಾಗಿ," ಎಂದ ಚಕ್ರಪಾಣಿ.

"ನಮ್ಮ ಅಜ್ಜ ಕಾಡಿನಲ್ಲಿ ಮರದಡಿ ಸಿಕ್ಕು ಸತ್ತ. ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಹಾಗೇ ಮನೆಗೆ ಬಂತಂತೆ. ಅವನನ್ನು ಊಟಕ್ಕೆ ಕರೆದವರು ಆಮೇಲೆ ಯಾರೂ ಇರಲಿಲ್ಲ," ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಐರೀನ್, ಇದನ್ನೇ ಗೋಡೆಗೆ ಹಾಕು. ಈ ಬೊಟ್ಟು ಇರಲಿ."

ಜನ ಚಪ್ಪಾಳೆ ತಟ್ಟಿದರು. ಲಾರ್ಸ್ ನಾಮ ಸಮೇತ ಬಾಗಿಲ ಎದುರಿನ ಗೋಡೆ ಏರಿದ. ಚಕ್ರಪಾಣಿ ಎರಡು ನಿಮಿಷದ ಮಾತನ್ನು ಒಂಬತ್ತು ನಿಮಿಷ ಆಡಿದ. 'ನಮ್ಮ ರಾಜ್ಯ' ಎಂದು ಹನ್ನೊಂದು ಸಲ ಹೇಳಿದ, ಯಾರೂ ಹುಬ್ಬೇರಿಸಲಿಲ್ಲ. ಅಲ್ಲೇ ಐರೀನ್ ಅವನ ಹೆಸರನ್ನು ಸಮಿತಿಗೆ ಘೋಷಿಸಿದಳು. ಈ ನೆಲ ತನ್ನದೂ ಹೌದು ಎಂದು ನಾಲ್ಕು ಜನರ ಮುಂದೆ ಆದ ತೀರ್ಮಾನ ಅದು. ಅವನು ಹೆಮ್ಮೆಯಿಂದ ತಲೆಯೆತ್ತಿ ನಿಂತ.

"ನಿನ್ನ ಮೊದಲ ಜವಾಬ್ದಾರಿ," ಎಂದು ಐರೀನ್ ದನಿ ತಗ್ಗಿಸಿದಳು. "ಹಿಂದಿನ ಗೋಡೆಯಲ್ಲಿ ಮೂವತ್ತೊಂದು ಚಿತ್ರ ಇವೆ. ಅವು ಮಾತ್ರ ಅಸಲು. ಜನ ಹತ್ತಿರದಿಂದ ನೋಡಲಿ ಅಂತ ಇವತ್ತೊಂದು ದಿನ ಗಾಜಿಲ್ಲದೆ ಹಾಕಿದ್ದೇವೆ. ಯಾರ ಬೆರಳೂ ತಾಗಬಾರದು. ಇನ್ನು ಅವು ನಿನ್ನ ಸುಪರ್ದಿ."

"ನನ್ನ ಪ್ರಾಣದ ಹಾಗೆ ನೋಡ್ಕೊಳ್ತೀನಿ," ಎಂದು ಚಕ್ರಪಾಣಿ ತಿರುಗಿದ.

ಜನರೆಲ್ಲ ಲಾರ್ಸ್‌ನ ಮುಂದೆ ಇದ್ದುದರಿಂದ ಹಿಂದಿನ ಗೋಡೆಯ ಬಳಿ ಇದ್ದವರು ಒಬ್ಬರೇ. ಬೆಟ್ಟಮ್ಮನ ಎಡಗೈಯಲ್ಲಿ ಗಂಧದ ಬಟ್ಟಲು, ಬಲಗೈಯಲ್ಲಿ ಕುಂಕುಮದ ಬೆಳ್ಳಿ ಭರಣಿ. ಮೊದಲ ಚಿತ್ರದಿಂದ ಮೂವತ್ತನೆಯದರವರೆಗೆ ಮೀನುಗಾರರು, ಗಿರಣಿಯವರು, ದೋಣಿಯವರು, ಶಾಲೆಯ ಟೀಚರಮ್ಮ, ಎಲ್ಲರ ಹಣೆಯೂ ಕೆಂಪಗೆ ಮಿನುಗುತ್ತಿತ್ತು.

"ಬಂದ್ಯಾ ಮಗ," ಎಂದರು ತುದಿಗಾಲಿನಲ್ಲಿ ನಿಂತಿದ್ದ ಬೆಟ್ಟಮ್ಮ. "ಒಬ್ರಿಗೆ ಮಡಗಿ ಮಿಕ್ಕೋರ್ನ ಬುಟ್ರೆ ಪಂಕ್ತಿಭೇದ ಆಯ್ತದೆ. ಈ ಕೊನೆಯೋರು ನಂಗೆ ಎಟುಕ್ತಿಲ್ಲ. ಉದ್ದ ಇದ್ದೀಯ, ನೀನೇ ವಸಿ ಇಟ್ಬುಡು."